ಜೈಲು ಬೇಡ, ಹೊಡೆತ ನಿಂತರೆ ಸಾಕು ಎನ್ನುವವರಿಗೆ: ಮಂಡ್ಯ, ಮೈಸೂರಿನಲ್ಲಿ ಎಲ್ಲಿಂದ ಶುರು ಮಾಡಬೇಕು?

"ಅವರನ್ನ ಜೈಲಿಗೆ ಹಾಕಿಸೋದು ಬೇಡ ಮೇಡಂ. ಹೊಡೆಯೋದು ನಿಲ್ಲಿಸಿದ್ರೆ ಸಾಕು. ಏನು ಮಾಡ್ಲಿ?"

ನನಗೆ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಹೀಗೇ ಶುರುವಾಗುತ್ತವೆ. ಕೇಳುವವರು ಮದ್ದೂರಿನವರಿರುತ್ತಾರೆ, ಹುಣಸೂರಿನವರಿರುತ್ತಾರೆ, ಮೈಸೂರಿನ ಕುವೆಂಪುನಗರದವರೂ ಇರುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಮೊದಲು ಒಂದು ತಪ್ಪು ತಿಳಿವಳಿಕೆ ಹೋಗಬೇಕು. ಹಿಂಸೆ ಅಂದಕೂಡಲೇ ಜನ ಪೊಲೀಸ್ ಠಾಣೆ, ಇಲ್ಲವೇ ಊರಿನ ಪಂಚಾಯ್ತಿ ಎಂದುಕೊಳ್ಳುತ್ತಾರೆ. ಇವೆರಡರ ನಡುವೆ ಇನ್ನೊಂದು ದಾರಿ ಇದೆ. ಅದೇ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005. ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಇದರ ಕೆಳಗೆ ನೀವು ಅರ್ಜಿ ಹಾಕಿದರೆ ಗಂಡನಿಗೆ ಶಿಕ್ಷೆ ಆಗುವುದಿಲ್ಲ. "ಹೊಡೆಯಕೂಡದು, ಮನೆಯಿಂದ ಹೊರಗೆ ಹಾಕಕೂಡದು, ಖರ್ಚಿಗೆ ಇಷ್ಟು ಕೊಡಬೇಕು" ಎಂದು ಮ್ಯಾಜಿಸ್ಟ್ರೇಟರು ಆದೇಶ ಮಾಡುತ್ತಾರೆ, ಅಷ್ಟೇ. ಆ ಆದೇಶವನ್ನು ಮುರಿದರೆ ಮಾತ್ರ ಅಪರಾಧ.

ಕಾಯ್ದೆ ಹೆಂಡತಿಗೆ ಮಾತ್ರ ಅಲ್ಲ. ಮಗನಿಂದ ಹೊಡೆಸಿಕೊಳ್ಳುವ ತಾಯಿ, ಅಣ್ಣನ ಮನೆಯಲ್ಲಿ ನರಳುವ ತಂಗಿ, ಮಾವನ ಮನೆಯಲ್ಲಿರುವ ವಿಧವೆ, ಮದುವೆಯಾಗದೆ ಸಂಸಾರ ಮಾಡಿಕೊಂಡಿರುವವರು, ಎಲ್ಲರೂ ಬರುತ್ತಾರೆ. ಊರು, ದೇಶವನ್ನೂ ಅದು ಕೇಳುವುದಿಲ್ಲ. ಬೈಲಕುಪ್ಪೆಯ ಟಿಬೆಟನ್ ಶಿಬಿರದ ಹೆಣ್ಣುಮಗಳಿಗೂ, ಗಲಭೆಯಿಂದ ಮನೆಮಠ ಬಿಟ್ಟು ಮಣಿಪುರದಿಂದ ಮೈಸೂರಿಗೆ ಕೆಲಸಕ್ಕೆ ಬಂದವಳಿಗೂ ಇದೇ ಕಾಯ್ದೆ. ನಿಮ್ಮ ಸುತ್ತ ಅಂಥವರಿದ್ದರೆ ಮುಂದಿನದ್ದನ್ನು ಅವರಿಗೂ ಓದಿ ಹೇಳಿ.

1. ಮೊದಲು ಜೀವ ಉಳಿಸಿಕೊಳ್ಳಿ

ಈಗಲೇ ಹೊಡೆಯುತ್ತಿದ್ದಾನೆ ಅಂದರೆ 112ಕ್ಕೆ ಕರೆ ಮಾಡಿ. ಪೊಲೀಸ್ ಗಾಡಿ ಬರುತ್ತದೆ. ಪೊಲೀಸರನ್ನು ಕರೆದ ಮಾತ್ರಕ್ಕೆ ಕೇಸು ಆಗಿಬಿಡುವುದಿಲ್ಲ, ಹೆದರಬೇಡಿ. ಈ ಗಳಿಗೆ ಅಪಾಯ ಇಲ್ಲ, ಆದರೆ ದಾರಿ ಬೇಕು ಅನ್ನುವವರು 181ಕ್ಕೆ ಮಾಡಿ. ಅದು ಮಹಿಳಾ ಸಹಾಯವಾಣಿ. ನಿಮ್ಮ ಜಿಲ್ಲೆಯ "ಸಖಿ" ಕೇಂದ್ರಕ್ಕೆ ಅವರೇ ಜೋಡಿಸುತ್ತಾರೆ. ಸಖಿ ಅಂದರೆ ಆಸ್ಪತ್ರೆ, ಪೊಲೀಸ್, ವಕೀಲರು, ಆಪ್ತ ಸಮಾಲೋಚನೆ, ಎಲ್ಲದಕ್ಕೂ ಒಂದೇ ಕಡೆ ಸಹಾಯ ಸಿಗುವ ಸರ್ಕಾರಿ ಜಾಗ. ಐದು ದಿನದವರೆಗೆ ಅಲ್ಲೇ ಉಳಿಯಬಹುದು. ಅದಕ್ಕಿಂತ ಹೆಚ್ಚು ದಿನ ಬೇಕಾದರೆ ಶಕ್ತಿ ಸದನ ಎಂಬ ಆಶ್ರಯ ಮನೆಗೆ ಕಳಿಸುತ್ತಾರೆ. ಜೊತೆಗೆ ಗಂಡುಮಗು ಇದ್ದರೆ ವಯಸ್ಸಿನ ಮಿತಿ ಎಷ್ಟು ಎಂದು ಫೋನಿನಲ್ಲೇ ಕೇಳಿಕೊಳ್ಳಿ. ಅಲ್ಲಿಗೆ ಹೋಗಿ ನಿಂತ ಮೇಲೆ ಗೊತ್ತಾಗುವುದು ಬೇಡ.

ಮನೆ ಬಿಡಬೇಕಾಗಬಹುದು ಅನಿಸಿದರೆ ಒಂದು ಚೀಲ ಸಿದ್ಧ ಮಾಡಿ, ನಂಬಿಕೆಯ ಮನೆಯಲ್ಲಿ ಇಟ್ಟಿರಿ. ಆಧಾರ್, ರೇಷನ್ ಕಾರ್ಡ್ ಪ್ರತಿ, ಬ್ಯಾಂಕ್ ಪಾಸ್‌ಬುಕ್, ಮಕ್ಕಳ ಜನನ ಪ್ರಮಾಣಪತ್ರ, ಮದುವೆ ಫೋಟೋ ಅಥವಾ ಲಗ್ನಪತ್ರಿಕೆ, ಒಡವೆ ಕೊಂಡ ರಸೀದಿ, ದಿನಾ ತಗೊಳ್ಳೋ ಮಾತ್ರೆ. ಕಾಗದ ಹೊತ್ತೊಯ್ಯಲು ಆಗದಿದ್ದರೆ ಫೋಟೋ ತೆಗೆದು ತಂಗಿಗೋ ಅತ್ತಿಗೆಗೋ ಕಳಿಸಿ, ನಿಮ್ಮ ಫೋನಿನಿಂದ ಅಳಿಸಿಬಿಡಿ. ಆಧಾರ್ ಕೈಯಲ್ಲಿದ್ದರೆ ಬಸ್ಸಿಗೆ ದುಡ್ಡು ಬೇಕಿಲ್ಲ. ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ ಉಚಿತ. ನಾಗಮಂಗಲದಿಂದ ಮಂಡ್ಯಕ್ಕೆ ಬರಲು ಗಂಡನ ಕೈ ನೋಡಬೇಕಾಗಿಲ್ಲ. ಯೋಜನೆಯ ಬಗ್ಗೆ ಯಾರು ಏನೇ ಆಡಿಕೊಳ್ಳಲಿ, ಈ ಒಂದು ವಿಷಯಕ್ಕೆ ಅದರ ಬೆಲೆ ನನಗೆ ಗೊತ್ತು.

ಎಚ್ಚರ: ಮಕ್ಕಳನ್ನು ಬಿಟ್ಟು ಬರಬೇಡಿ. "ನಾಳೆ ಬಂದು ಕರ್ಕೊಂಡು ಹೋದ್ರಾಯ್ತು" ಅಂದುಕೊಂಡವರು ಮಗುವಿನ ಮುಖ ನೋಡಲು ತಿಂಗಳುಗಟ್ಟಲೆ ಅಲೆದಿದ್ದಾರೆ.

2. ಆಸ್ಪತ್ರೆಯಲ್ಲಿ ನಿಜ ಹೇಳಿ

ಗಾಯ ಚಿಕ್ಕದಿರಲಿ, ದೊಡ್ಡದಿರಲಿ, ಸರ್ಕಾರಿ ಆಸ್ಪತ್ರೆಗೆ ಹೋಗಿ. ಮಂಡ್ಯದಲ್ಲಿ ಮಿಮ್ಸ್, ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಉಳಿದಂತೆ ನಿಮ್ಮ ತಾಲ್ಲೂಕು ಆಸ್ಪತ್ರೆ.

ಎಲ್ಲರೂ ಎಡವುವುದು ಇಲ್ಲೇ. ವೈದ್ಯರು ಏನಾಯ್ತಮ್ಮ ಅಂತಾರೆ. ಪಕ್ಕದಲ್ಲಿ ಅತ್ತೆ ನಿಂತಿರುತ್ತಾರೆ. "ಬಚ್ಚಲಲ್ಲಿ ಜಾರಿಬಿದ್ದೆ" ಎಂಬ ಮಾತು ತಾನಾಗೇ ಬಾಯಿಗೆ ಬರುತ್ತದೆ. ಚೀಟಿಯಲ್ಲಿ ಅದೇ ಬರೆಯುತ್ತಾರೆ. ಆರು ತಿಂಗಳ ನಂತರ ಎದುರು ಪಕ್ಷದ ವಕೀಲರು ಅದೇ ಚೀಟಿ ಹಿಡಿದು ನಿಮ್ಮನ್ನು ಪ್ರಶ್ನೆ ಮಾಡುತ್ತಾರೆ. ವೈದ್ಯರ ಹತ್ತಿರ ಒಬ್ಬರೇ ಮಾತಾಡಬೇಕು ಎಂದು ಕೇಳಿ. ಯಾರು ಹೊಡೆದರು, ಯಾವುದರಿಂದ ಹೊಡೆದರು ಎಂದು ಹೇಳಿ. ಅದನ್ನು ಎಂಎಲ್‌ಸಿ ಎಂದು ದಾಖಲು ಮಾಡುತ್ತಾರೆ. ಎಂಎಲ್‌ಸಿ ಅಂದರೆ ಮುಂದೆ ಕಾನೂನಿಗೆ ಬೇಕಾಗಬಹುದಾದ ಗಾಯ ಎಂದು ಆಸ್ಪತ್ರೆಯ ಪುಸ್ತಕದಲ್ಲಿ ಬರೆದಿಡುವುದು. ಅದರ ನಂಬರ್ ಕೇಳಿ ಬರೆದುಕೊಳ್ಳಿ. ಇದರ ಸುದ್ದಿ ಠಾಣೆಗೂ ಹೋಗುತ್ತದೆ ಎಂಬುದು ಗೊತ್ತಿರಲಿ. ಆಗ ಹೇಳಿಕೆ ಕೇಳಿಕೊಂಡು ಬಂದರೆ ಯೋಚಿಸಿ ಉತ್ತರ ಕೊಡಿ.

ಅತ್ಯಾಚಾರವಾಗಿದ್ದರೆ ಮೈ ತೊಳೆಯುವ ಮೊದಲೇ ಹೋಗಿ. ತೊಳೆದಾಗಿದ್ದರೂ ಹೋಗಿ. ಬಟ್ಟೆ ಒಗೆಯಬೇಡಿ. ಪ್ಲಾಸ್ಟಿಕ್ ಕವರಿನಲ್ಲಿ ಇಡಬೇಡಿ, ತೇವ ಕೂತು ಸಾಕ್ಷ್ಯ ಹಾಳಾಗುತ್ತದೆ. ಹಳೇ ಪೇಪರಿನಲ್ಲಿ ಸುತ್ತಿ. ಗರ್ಭ ನಿಲ್ಲದಂತೆ ಕೊಡುವ ಮಾತ್ರೆ, ಎಚ್‌ಐವಿ ತಗುಲದಂತೆ ಕೊಡುವ ಔಷಧಿ ಎರಡನ್ನೂ 72 ಗಂಟೆಯೊಳಗೆ ಶುರು ಮಾಡಬೇಕು. ಬೇಗ ಆದಷ್ಟೂ ಒಳ್ಳೆಯದು. ಖಾಸಗಿ ಆಸ್ಪತ್ರೆಯೂ ಉಚಿತವಾಗಿ ಚಿಕಿತ್ಸೆ ಕೊಡಲೇಬೇಕು. "ಮೊದಲು ಎಫ್‌ಐಆರ್ ತನ್ನಿ" ಎಂದು ವಾಪಸ್ ಕಳಿಸುವಂತಿಲ್ಲ.

3. ಸಿಡಿಪಿಒ ಆಫೀಸಿನಲ್ಲಿ ಕಾಗದ ಮಾಡಿಸಿ

ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಹೆಚ್ಚಿನವರು ಬಿಟ್ಟುಹೋಗುವ ಹಂತವೂ ಇದೇ.

ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಗೂ ಅಗತ್ಯವಿದ್ದಷ್ಟು ಸಂರಕ್ಷಣಾಧಿಕಾರಿಗಳು ಇರಬೇಕು. ನಿಮ್ಮ ಪರವಾಗಿ ವರದಿ ಬರೆದು ಕೋರ್ಟಿಗೆ ತಲುಪಿಸುವುದು ಅವರ ಕೆಲಸ. ಕರ್ನಾಟಕದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಅಂಗನವಾಡಿಗಳನ್ನು ನೋಡಿಕೊಳ್ಳುವ ಸಿಡಿಪಿಒ ಅವರಿಗೇ ಈ ಹೊಣೆ ಕೊಟ್ಟಿದ್ದಾರೆ. ಇದರಲ್ಲಿ ಒಂದು ಅನುಕೂಲ ಇದೆ. ಸಿಡಿಪಿಒ ಆಫೀಸಿಗೆ ಹೋಗುವ ಹೆಂಗಸನ್ನು ಯಾರೂ ಅನುಮಾನದಿಂದ ನೋಡುವುದಿಲ್ಲ. ಮಗುವಿನ ಕೆಲಸ ಇತ್ತು ಅಂದರಾಯಿತು. ಆಫೀಸು ಎಲ್ಲಿದೆ ಎಂದು ಗೊತ್ತಿಲ್ಲದಿದ್ದರೆ ಅಂಗನವಾಡಿ ಟೀಚರನ್ನು ಕೇಳಿ.

ಅಲ್ಲಿ ತುಂಬುವ ನಮೂನೆಗೆ ಡಿಐಆರ್ ಎನ್ನುತ್ತಾರೆ. ಮನೆಯಲ್ಲಿ ನಡೆದ ಹಿಂಸೆಯ ವರದಿ ಅದು. ಒಂದು ಪ್ರತಿ ಮ್ಯಾಜಿಸ್ಟ್ರೇಟರಿಗೆ ಹೋಗುತ್ತದೆ, ಒಂದು ಪ್ರತಿ ಠಾಣೆಗೆ.

ಹೇಗೆ ಬರೆಸಬೇಕು? "ಗಂಡ ತುಂಬಾ ಹಿಂಸೆ ಕೊಡುತ್ತಾನೆ" ಅಂದರೆ ಕೋರ್ಟಿಗೆ ಏನೂ ಗೊತ್ತಾಗುವುದಿಲ್ಲ. ಯಾವತ್ತು, ಎಲ್ಲಿ, ಏನು ಮಾಡಿದ, ಯಾರು ನೋಡಿದರು. ತಾರೀಖು ನೆನಪಿಲ್ಲವೇ? "ಮಾರಿಹಬ್ಬದ ಮಾರನೇ ದಿನ", "ಕಬ್ಬು ಕಡಿಯೋಕೆ ಆಳು ಬಂದಿದ್ದ ವಾರ", "ಮಗನಿಗೆ ಪರೀಕ್ಷೆ ನಡೀತಿದ್ದಾಗ" ಎಂದರೂ ನಡೆಯುತ್ತದೆ. ಹಿಂದಿನ ರಾತ್ರಿ ಕೂತು ಒಂದು ಹಾಳೆಯಲ್ಲಿ ಮೊದಲ ಸಲದ್ದು, ಅತಿ ಕೆಟ್ಟದ್ದು, ಕೊನೆಯ ಸಲದ್ದು ಎಂದು ಬರೆದುಕೊಳ್ಳಿ. ಎದುರಿಗೆ ಕೂತಾಗ ಅಳು ಬರುತ್ತದೆ, ಮಾತು ಮರೆತುಹೋಗುತ್ತದೆ. ಹಾಳೆ ಇದ್ದರೆ ಅದನ್ನೇ ಕೊಡಬಹುದು.

ಹೊಡೆತ ಮಾತ್ರ ಹಿಂಸೆ ಅಲ್ಲ. ಕಾಯ್ದೆ ನಾಲ್ಕು ಬಗೆ ಹೇಳುತ್ತದೆ: ಮೈಗೆ ಮಾಡಿದ್ದು, ಲೈಂಗಿಕವಾಗಿ ಮಾಡಿದ್ದು, ಮಾತಿನಿಂದ ಮನಸ್ಸಿಗೆ ಮಾಡಿದ್ದು, ದುಡ್ಡಿನ ವಿಷಯದಲ್ಲಿ ಮಾಡಿದ್ದು. ಗಾರ್ಮೆಂಟ್ಸ್ ಸಂಬಳವನ್ನು ಪೂರ್ತಿ ಕಿತ್ತುಕೊಳ್ಳುವುದು, ಕೇಳದೆ ಒಡವೆ ಗಿರವಿ ಇಡುವುದು, ಅಡುಗೆಗೆ ಸಾಮಾನು ತಂದುಹಾಕದಿರುವುದು, ಎಲ್ಲವನ್ನೂ ಬರೆಸಿ. ಮಕ್ಕಳಾಗಲಿಲ್ಲ, ಗಂಡು ಹೆರಲಿಲ್ಲ ಎಂದು ಹಂಗಿಸುವುದನ್ನು ಕಾಯ್ದೆ ಹೆಸರು ಹಿಡಿದೇ ಹಿಂಸೆ ಎಂದಿದೆ. ನಮ್ಮ ಮಂಡ್ಯದವರು ಇದನ್ನು ಗಟ್ಟಿಯಾಗಿ ಓದಿಕೊಳ್ಳಬೇಕು. ಆಲೆಮನೆಯಲ್ಲಿ ಸ್ಕ್ಯಾನಿಂಗ್ ಮಿಷನ್ ಇಟ್ಟು ಭ್ರೂಣದ ಲಿಂಗ ನೋಡುತ್ತಿದ್ದ ಜಾಲ ಸಿಕ್ಕಿದ್ದು 2023ರಲ್ಲಿ, ನಮ್ಮ ಜಿಲ್ಲೆಯಲ್ಲೇ ಅಲ್ವಾ? ನಿಮ್ಮನ್ನು ಅಂಥ ಕಡೆ ಎಳೆದುಕೊಂಡು ಹೋಗಿದ್ದರೆ ಬಾಯಿ ಮುಚ್ಚಿಕೊಳ್ಳಬೇಡಿ. "ನಾನೂ ಹೋಗಿದ್ದೆನಲ್ಲ, ನನ್ನನ್ನೂ ಹಿಡಿದರೆ?" ಎಂಬ ಭಯ ಬೇಡ. ಬಲವಂತಕ್ಕೆ ಹೋದ ಹೆಂಗಸಿಗೆ ಭ್ರೂಣಲಿಂಗ ಪತ್ತೆ ತಡೆಯುವ ಕಾನೂನಿನಲ್ಲಿ ಶಿಕ್ಷೆ ಇಲ್ಲ. ಗಂಡ, ನೆಂಟರು ಬಲವಂತ ಮಾಡಿದ್ದಾರೆ ಎಂದೇ ಕಾನೂನು ಮೊದಲು ಭಾವಿಸುತ್ತದೆ.

"ಇದೆಲ್ಲಾ ನಡೆದು ಎಷ್ಟೋ ವರ್ಷ ಆಯ್ತು, ಈಗ ತಗೋತಾರಾ?" ಅಂತಲೂ ಕೇಳುತ್ತಾರೆ. ತಗೋತಾರೆ. ಈ ಅರ್ಜಿಗೆ ಒಂದು ವರ್ಷ, ಮೂರು ವರ್ಷ ಎಂಬ ಗಡುವು ಅಂಟುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ.

ಎಚ್ಚರ: ಖಾಲಿ ನಮೂನೆಗೆ ಸಹಿ ಹಾಕಬೇಡಿ. ಬರೆದದ್ದನ್ನು ಓದಿಸಿ ಕೇಳಿ. ಸೀಲು, ತಾರೀಖು ಇರುವ ಸ್ವೀಕೃತಿ ಪ್ರತಿ ಇಲ್ಲದೆ ಆಫೀಸಿನ ಮೆಟ್ಟಿಲು ಇಳಿಯಬೇಡಿ. ಇದನ್ನು ನಾನು ಕೆಟ್ಟು ಕಲಿತದ್ದು. ಒಮ್ಮೆ ಒಬ್ಬರ ಜೊತೆ ಹೋದಾಗ "ನಾಳೆ ಕೊಡ್ತೀವಿ" ಎಂಬ ಮಾತು ನಂಬಿ ಬಂದೆ. ಮೂರು ವಾರದ ಮೇಲೆ ಹೋದರೆ ಅರ್ಜಿಯೇ ಇರಲಿಲ್ಲ. ಎಲ್ಲಾ ಮೊದಲಿಂದ ಬರೆಸಬೇಕಾಯಿತು. ಅದೇ ಮಾತನ್ನು ಆಕೆ ಇನ್ನೊಂದು ಸಲ ಅತ್ತುಕೊಂಡು ಹೇಳಬೇಕಾಯಿತು.

4. ವಕೀಲರಿಗೆ ದುಡ್ಡು ಕೊಡಬೇಕಾಗಿಲ್ಲ

ಹೆಂಗಸಿಗೆ ಉಚಿತ ವಕೀಲರು ಸಿಗುತ್ತಾರೆ. ಆದಾಯ ಎಷ್ಟೇ ಇರಲಿ. ಗಂಡ ಇಂಜಿನಿಯರ್ ಆಗಿರಲಿ, ನೀವೇ ಟೀಚರ್ ಆಗಿರಲಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಹಾಗೆ ಹೇಳುತ್ತದೆ. ಜನಾಂಗೀಯ ಗಲಭೆ, ಜಾತಿ ದೌರ್ಜನ್ಯಕ್ಕೆ ಸಿಕ್ಕಿದವರನ್ನೂ ಅದೇ ಕಲಂ ಸೇರಿಸಿಕೊಂಡಿದೆ. ತಾಲ್ಲೂಕು ಕೋರ್ಟ್ ಆವರಣದಲ್ಲೇ ಕಾನೂನು ಸೇವೆಗಳ ಸಮಿತಿಯ ಕೊಠಡಿ ಇರುತ್ತದೆ. ಫೋನ್ ಮಾಡುವುದಾದರೆ 15100.

ಹೀಗೆ ನೇಮಕವಾದ ವಕೀಲರು "ಟೈಪಿಂಗ್‌ಗೆ ಸ್ವಲ್ಪ ಕೊಡಿ" ಅಂದರೆ ಕೊಡಬೇಡಿ. ಸಮಿತಿಗೆ ಬರೆದು ಕೊಟ್ಟು ಬೇರೆಯವರನ್ನು ಕೇಳಬಹುದು.

5. ಕೋರ್ಟಿನಲ್ಲಿ ಏನೇನು ಕೇಳಬೇಕು

ಕೇಳದೇ ಇದ್ದದ್ದನ್ನು ಕೋರ್ಟ್ ತಾನಾಗಿ ಕೊಡುವುದು ಕಡಿಮೆ. ಕೌಟುಂಬಿಕ ದೌರ್ಜನ್ಯ ಕಾಯ್ದೆಯ 12ನೇ ಕಲಂ ಅಡಿ ಹಾಕುವ ಅರ್ಜಿಯಲ್ಲಿ ಇವು ಇರಬೇಕು: ಹೊಡೆಯದಂತೆ, ಕೆಲಸದ ಜಾಗಕ್ಕೆ ಬಂದು ಗಲಾಟೆ ಮಾಡದಂತೆ ರಕ್ಷಣೆ (ಕಲಂ 18), ಮನೆಯಲ್ಲಿರುವ ಹಕ್ಕು ಅಥವಾ ಬೇರೆ ಮನೆಯ ಬಾಡಿಗೆ (19), ತಿಂಗಳ ಖರ್ಚು ಮತ್ತು ಆಸ್ಪತ್ರೆ ಖರ್ಚು (20), ಮಕ್ಕಳು ಸದ್ಯಕ್ಕೆ ನಿಮ್ಮ ಬಳಿ ಇರುವುದು (21), ಪರಿಹಾರ (22). ಇವೆಲ್ಲಕ್ಕಿಂತ ಮುಖ್ಯವಾದದ್ದು 23ನೇ ಕಲಂ, ಮಧ್ಯಂತರ ಆದೇಶ. ಅಂದರೆ ಕೇಸು ಮುಗಿಯುವ ಮೊದಲೇ ಕೊಡುವ ತಾತ್ಕಾಲಿಕ ಆದೇಶ. ಅಪಾಯ ಜಾಸ್ತಿ ಇದ್ದರೆ ಗಂಡನ ಮಾತು ಕೇಳುವ ಮೊದಲೇ ಕೊಡಲು ಅವಕಾಶ ಇದೆ. ಇದಕ್ಕೆ ಪ್ರತ್ಯೇಕ ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸಬೇಕು. ವಕೀಲರಿಗೆ ಮೊದಲ ದಿನವೇ ನೆನಪಿಸಿ. ಕಾಯ್ದೆ ಹೇಳುವುದು ಮೂರು ದಿನದೊಳಗೆ ಮೊದಲ ವಿಚಾರಣೆ, 60 ದಿನದೊಳಗೆ ತೀರ್ಮಾನ ಎಂದು. ನಿಜ ಹೇಳಬೇಕಂದ್ರೆ ಹಾಗೆ ಆಗುವುದು ಅಪರೂಪ. ಅದಕ್ಕೇ ಮಧ್ಯಂತರ ಆದೇಶ ಬೇಕು ಅನ್ನುವುದು.

ಯಾವ ಕೋರ್ಟು? ಬೆಂಗಳೂರಿನಲ್ಲಿ ಹಿಂಸೆ ಆಗಿ ನೀವೀಗ ಕೆ.ಆರ್. ಪೇಟೆಯ ತವರಿನಲ್ಲಿದ್ದರೆ ಕೆ.ಆರ್. ಪೇಟೆಯಲ್ಲೇ ಹಾಕಬಹುದು. ತಾತ್ಕಾಲಿಕವಾಗಿ ಉಳಿದ ಊರೂ ಸಾಕು.

ಮನೆ ಅತ್ತೆಯ ಹೆಸರಿನಲ್ಲಿದೆ, ನನಗೇನು ಹಕ್ಕು ಅನ್ನುವವರಿಗೆ: ಒಡೆತನ ಬೇರೆ, ವಾಸದ ಹಕ್ಕು ಬೇರೆ. ನೀವು ಸಂಸಾರ ಮಾಡಿದ ಮನೆ ಗಂಡನ ತಂದೆತಾಯಿಯದ್ದಾಗಿದ್ದರೂ ಅಲ್ಲಿರುವ ಹಕ್ಕು ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಆದರೆ ಮನೆ ನಿಮ್ಮದಾಗುವುದಿಲ್ಲ. ಅತ್ತೆಯನ್ನು ಆಚೆ ಹಾಕಿಸಲೂ ಆಗುವುದಿಲ್ಲ. ಮನೆಯಿಂದ ಹೊರಹೋಗುವಂತೆ ಹೆಂಗಸಿಗೆ ಆದೇಶ ಮಾಡಬಾರದು ಎಂದು ಕಾಯ್ದೆಯಲ್ಲೇ ಇದೆ.

ಜೀವನಾಂಶ ಕೇಳಿದಾಗ "ನನಗೆ ಕೆಲಸವೇ ಇಲ್ಲ" ಅನ್ನುವುದು ಹಳೇ ಆಟ. ಅದೇ 2020ರಿಂದ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲ ಎಲ್ಲವನ್ನೂ ಪ್ರಮಾಣ ಮಾಡಿ ಬರೆದುಕೊಡಬೇಕು. ಗಂಡನ ಜಮೀನಿನ ಪಹಣಿ, ಗಾಡಿಯ ನಂಬರ್, ಕಾರ್ಖಾನೆಗೆ ಕಬ್ಬು ಹೊಡೆದ ರಸೀದಿ, ಇಂಥವು ಕಣ್ಣಿಗೆ ಬಿದ್ದರೆ ಫೋಟೋ ತೆಗೆದಿಡಿ. ನೀವೂ ನಿಮ್ಮ ಸಂಬಳ ಮುಚ್ಚಿಡಬೇಡಿ, ಸಿಕ್ಕಿಬಿದ್ದರೆ ಉಳಿದ ಮಾತನ್ನೂ ನಂಬುವುದಿಲ್ಲ.

ಆದೇಶ ಬಂದ ಮೇಲೆ ಪ್ರತಿ ಉಚಿತವಾಗಿ ಸಿಗುತ್ತದೆ. ಅದನ್ನು ಠಾಣೆಗೆ ತಲುಪಿಸಿ. ರಕ್ಷಣೆಯ ಆದೇಶ ಮುರಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 20,000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು.

6. ಠಾಣೆಗೆ ಯಾವಾಗ ಹೋಗಬೇಕು

ಪ್ರಾಣಕ್ಕೆ ಅಪಾಯ, ದೊಡ್ಡ ಗಾಯ, ವರದಕ್ಷಿಣೆ ಕಾಟ, ಅತ್ಯಾಚಾರ. ಇಂಥದ್ದರಲ್ಲಿ ಮೇಲಿನ ದಾರಿಯೊಂದೇ ಸಾಲದು, ದೂರು ಕೊಡಿ. ಗಂಡ, ಅವನ ಮನೆಯವರು ಕೊಡುವ ಕ್ರೂರ ಹಿಂಸೆಗೆ ಹಿಂದೆ 498ಎ ಎನ್ನುತ್ತಿದ್ದುದು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ ಆಗಿದೆ. ಮೂರು ವರ್ಷದವರೆಗೆ ಶಿಕ್ಷೆ. ದೂರು ಕೊಟ್ಟಕೂಡಲೇ ಹಿಡಿದು ಹಾಕುತ್ತಾರೆ ಎಂದು ಕಾಯಬೇಡಿ. ಇಂಥ ಕೇಸಿನಲ್ಲಿ ಸಾಮಾನ್ಯವಾಗಿ ನೋಟಿಸ್ ಕೊಟ್ಟು ಕರೆಸುತ್ತಾರೆ. ಎಫ್‌ಐಆರ್‌ಗೆ ಮೊದಲು 14 ದಿನದವರೆಗೆ ಪ್ರಾಥಮಿಕ ವಿಚಾರಣೆ ಮಾಡಲೂ ಅವಕಾಶ ಇದೆ, ಡಿವೈಎಸ್‌ಪಿ ಒಪ್ಪಿಗೆ ಬೇಕು.

"ಇದು ನಮ್ಮ ಲಿಮಿಟ್ ಅಲ್ಲ" ಅಂದರೆ ಜೀರೋ ಎಫ್‌ಐಆರ್ ಕೇಳಿ. ಯಾವ ಠಾಣೆಯಲ್ಲಾದರೂ ಬರೆದುಕೊಂಡು ಸರಿಯಾದ ಠಾಣೆಗೆ ಕಳಿಸುವ ವ್ಯವಸ್ಥೆ ಅದು. ತಗೊಳ್ಳಲೇ ಇಲ್ಲ ಅಂದರೆ ದೂರನ್ನು ಎಸ್‌ಪಿಗೆ, ಮೈಸೂರು ನಗರದವರಾದರೆ ಪೊಲೀಸ್ ಕಮಿಷನರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ.

ಈಗ ಮುಚ್ಚಳಿಕೆ. ಠಾಣೆಯಲ್ಲಿ ಗಂಡನನ್ನು ಕರೆಸಿ, ಬೈದು, "ಇನ್ನು ಮೇಲೆ ಹೊಡೆಯಲ್ಲ" ಎಂದು ಬರೆಸಿಕೊಂಡು ಕಳಿಸುವ ಕಾಗದ ಅದು. ಕೆಲವರಿಗೆ ಅಷ್ಟರಿಂದಲೇ ಬುದ್ಧಿ ಬರುತ್ತದೆ. ಅದನ್ನು ಇಲ್ಲ ಅನ್ನುವುದಿಲ್ಲ. ಆದರೆ ಅದು ಕೋರ್ಟಿನ ಆದೇಶ ಅಲ್ಲ. ಮುರಿದರೆ ಅದರಿಂದಲೇ ಶಿಕ್ಷೆ ಆಗುವುದಿಲ್ಲ. ಒಪ್ಪಿಕೊಳ್ಳುವುದಾದರೆ ನಡೆದದ್ದು ಏನು ಎಂದು ಅದರಲ್ಲಿ ಬರೆದಿರಲಿ, ಒಂದು ಪ್ರತಿ ನಿಮ್ಮ ಕೈಗೆ ಬರಲಿ. "ಸಣ್ಣಪುಟ್ಟ ಮನಸ್ತಾಪ" ಎಂದು ಬರೆದಿದ್ದರೆ ಸಹಿ ಹಾಕಬೇಡಿ.

ಊರಿನ ನ್ಯಾಯ ಪಂಚಾಯ್ತಿಯದ್ದು ಇನ್ನೂ ಕಷ್ಟ. ಹಿರಿಯರ ಮಾತು ತೆಗೆದುಹಾಕಲು ಆಗಲ್ಲ, ಗೊತ್ತು. ಹೋಗುವುದಾದರೆ ತವರಿನಿಂದ ಇಬ್ಬರನ್ನು ಕರೆದುಕೊಂಡು ಹೋಗಿ, ಮಾತುಕತೆ ಮಾತಾಗಿಯೇ ಇರಲಿ. ಛಾಪಾ ಕಾಗದ ಹೊರಗೆ ಬಂತು ಅಂದರೆ ಎದ್ದುಬಿಡಿ. "ಇಷ್ಟು ದುಡ್ಡು ತಗೊಂಡಿದ್ದೇನೆ, ಇನ್ನೇನೂ ಕೇಳಲ್ಲ" ಎಂದು ಬರೆಸಿಕೊಳ್ಳುವುದೇ ಹೆಚ್ಚಿನ ಪಂಚಾಯ್ತಿಗಳ ಉದ್ದೇಶ. ನೋಟರಿ ಮುಂದೆ ಬಿಡುಗಡೆ ಪತ್ರಕ್ಕೆ ಸಹಿ ಹಾಕಿದ ಮಾತ್ರಕ್ಕೆ ವಿಚ್ಛೇದನ ಆಗುವುದಿಲ್ಲ. ಅದನ್ನು ನಂಬಿ ಅವನು ಇನ್ನೊಂದು ಮದುವೆ ಮಾಡಿಕೊಳ್ಳುತ್ತಾನೆ, ನೀವು ನಡುನೀರಿನಲ್ಲಿ.

7. ಫೋನ್ ನಂಬರ್, ಬ್ಯಾಂಕ್, ಸಾಲ

ನಿಮ್ಮ ಬ್ಯಾಂಕ್ ಖಾತೆಗೆ ಜೋಡಿಸಿರುವ ಮೊಬೈಲ್ ನಂಬರ್ ಯಾರದ್ದು? ಗಂಡನದ್ದಾದರೆ ಒಟಿಪಿ ಅವನಿಗೇ ಹೋಗುತ್ತದೆ. ದುಡ್ಡು ತೆಗೆದ ಮೆಸೇಜೂ ಅವನಿಗೇ. ನಿಮ್ಮ ಹೆಸರಿನಲ್ಲಿ ಸಿಮ್ ಮಾಡಿಸಿ, ಮೊದಲು ಆಧಾರ್‌ಗೆ, ಆಮೇಲೆ ಬ್ಯಾಂಕಿಗೆ ಅದೇ ನಂಬರ್ ಕೊಡಿ. ಗೃಹಲಕ್ಷ್ಮಿಯ 2,000 ರೂಪಾಯಿ ರೇಷನ್ ಕಾರ್ಡಿನಲ್ಲಿ ಯಜಮಾನಿ ಎಂದಿರುವವರಿಗೆ ಬರುತ್ತದೆ. ಅದು ಅತ್ತೆಯಾಗಿದ್ದರೆ ನಿಮಗೆ ಸಿಗುವುದಿಲ್ಲ.

ಸಂಘದ ಸಾಲ, ಮೈಕ್ರೋಫೈನಾನ್ಸ್ ಸಾಲ ನಿಮ್ಮ ಹೆಸರಿನಲ್ಲಿ ತೆಗೆದು ಗಂಡ ಖರ್ಚು ಮಾಡಿದ್ದರೆ ತೀರಿಸಬೇಕಾದವರು ನೀವೇ. ಇದನ್ನೂ ಡಿಐಆರ್‌ನಲ್ಲಿ ಬರೆಸಿ. ವಸೂಲಿಗೆ ಬಂದವರು ಮನೆ ಮುಂದೆ ಕೂತು ಕಾಟ ಕೊಟ್ಟರೆ ಠಾಣೆಗೆ ಹೇಳಬಹುದು. ಅಂಥ ಬಲವಂತದ ವಸೂಲಿ ತಡೆಯಲೆಂದೇ ರಾಜ್ಯದಲ್ಲಿ 2025ರಲ್ಲಿ ಕಾನೂನು ಬಂದಿದೆ.

ಪಕ್ಕದ ಮನೆಯವರಿಗೆ

ಗೋಡೆಯಾಚೆ ಸದ್ದು ಕೇಳಿಸುತ್ತದೆ, "ನಮಗ್ಯಾಕೆ ಊರ ಉಸಾಬರಿ" ಎಂದು ಟಿವಿ ಸೌಂಡ್ ಜಾಸ್ತಿ ಮಾಡುತ್ತೀರಿ. ಕೇಸು ಮೈಮೇಲೆ ಬರುತ್ತದೆ ಎಂಬ ಹೆದರಿಕೆ. ಬರುವುದಿಲ್ಲ. ಒಳ್ಳೆಯ ಮನಸ್ಸಿನಿಂದ ಸಂರಕ್ಷಣಾಧಿಕಾರಿಗೆ ಮಾಹಿತಿ ಕೊಟ್ಟವರ ಮೇಲೆ ಯಾವ ಕೇಸೂ ನಿಲ್ಲುವುದಿಲ್ಲ ಎಂದು ಕಾಯ್ದೆಯ 4ನೇ ಕಲಂ ಹೇಳುತ್ತದೆ. ನ್ಯಾಯ ಸಂಹಿತೆಯ 85ನೇ ಕಲಂ ದೂರನ್ನು ಮಾತ್ರ ಆಕೆ ಅಥವಾ ಆಕೆಯ ಸಂಬಂಧಿಕರೇ ಕೊಡಬೇಕು, ನೀವು ಕೊಡಲು ಆಗುವುದಿಲ್ಲ.

ಆಕೆಗೆ ಫೋನಿನಲ್ಲಿ ಮೆಸೇಜ್ ಮಾಡಬೇಡಿ, ಯಾರು ಓದುತ್ತಾರೋ ಗೊತ್ತಿಲ್ಲ. ನಲ್ಲಿ ಹತ್ತಿರವೋ ಹಾಲಿನ ಡೈರಿ ಹತ್ತಿರವೋ ಒಬ್ಬಳೇ ಸಿಕ್ಕಾಗ ಕೇಳಿ. "ಬಿಟ್ಟು ಬಾ" ಎಂದು ಒತ್ತಾಯ ಮಾಡಬೇಡಿ. ಚೀಲ ಇಟ್ಟುಕೊಳ್ಳಲು ನಿಮ್ಮ ಮನೆಯಲ್ಲಿ ಒಂದು ಮೂಲೆ ಇದೆ, ರಾತ್ರಿ ಎಷ್ಟು ಹೊತ್ತಿಗೆ ಬಾಗಿಲು ಬಡಿದರೂ ತೆಗೆಯುತ್ತೀರಿ ಎಂದಷ್ಟೇ ಹೇಳಿ. 181 ಅನ್ನುವ ಮೂರು ಅಂಕಿ ಬಾಯಿಪಾಠ ಮಾಡಿಸಿ. ಚೀಟಿಯಲ್ಲಿ ಬರೆದುಕೊಡಬೇಡಿ.